ಇವಾಮಾದ ತಾಲೀಮು ಮನೆ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಸದಸ್ಯರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



"ಗುರು-ಶಿಷ್ಯ ಪರಂಪರೆ" ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ನಮ್ಮ ಕಾರ್ಯದರ್ಶಿಗಳು ಸೂಚಿಸಿದ್ದರು. ಈ ವಿಷಯದ ಮೇಲೆ ನಮ್ಮ ಮದರಸಾಗಳ ಉದಾಹರಣೆ, ಹಳೆಯ ಉಸ್ತಾದರ ಉದಾಹರಣೆ ಕೊಟ್ಟು ಮಾತನಾಡಬಲ್ಲ ಹಿರಿಯರು ಈ ಸಭೆಯಲ್ಲೇ ಇದ್ದಾರೆ. ಅವರ ಮುಂದೆ ನಾನು ಅದನ್ನೇ ಹೇಳುವುದು ಸೂರ್ಯನಿಗೆ ದೀವಟಿಗೆ ಹಿಡಿದಂತೆ. ಹಾಗಾಗಿ ನಾನು ಇಂದು ತಮ್ಮನ್ನು ಸ್ವಲ್ಪ ದೂರಕ್ಕೆ, ಜಪಾನಿನ ಇವಾಮಾ ಎಂಬ ಹಳ್ಳಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಐಕಿಡೋ ಎಂಬ ಆತ್ಮರಕ್ಷಣೆಯ ಕಲೆಯನ್ನು ಕಲಿಸುವ ಒಂದು ಮನೆಯಿದೆ. ಆ ಮನೆಯನ್ನು ಬೆಳೆಸಿದವರು ಯಾರು, ಉಳಿಸಿದವರು ಯಾರು, ಅಲ್ಲಿನ ಪದ್ಧತಿಗಳು ಯಾವುವು, ಅವುಗಳಲ್ಲಿ ನಮ್ಮ ಸಂಘದ ಸಂಜೆ ತರಗತಿಗಳಿಗೆ ಏನಾದರೂ ಪಾಠವಿದೆಯೇ ಎಂಬುದನ್ನು ನೋಡೋಣ.

ಈ ವಿಷಯ ನನ್ನ ತಲೆಗೆ ಬಂದದ್ದಕ್ಕೆ ಒಂದು ಕಾರಣವಿದೆ. ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಕರಾಟೆಯಂತಹ ಆತ್ಮರಕ್ಷಣೆಯ ತರಬೇತಿ ನಡೆಯುವುದು ತಮಗೆ ಗೊತ್ತಿದೆ. ಕೆಲವು ತಂದೆತಾಯಿಯರು ಬಂದು, "ಸರ್, ಅಲ್ಲಿ ಬಾಗಿ ನಮಸ್ಕಾರ ಮಾಡಬೇಕಂತೆ, ನಮ್ಮ ಮಕ್ಕಳು ಮಾಡಬಹುದೇ?" ಎಂದು ಕೇಳಿದ್ದುಂಟು. ಪ್ರಶ್ನೆ ಸರಿಯಾದದ್ದೇ. ಉತ್ತರ ಹುಡುಕಲೆಂದು ಜಪಾನಿನ ಈ ಕಲೆಗಳ ಬಗ್ಗೆ ಓದಲು ಶುರು ಮಾಡಿದೆ. ಬಾಗುವ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಎರಡು ಪದಗಳ ಅರ್ಥ. ಜಪಾನಿ ಭಾಷೆಯಲ್ಲಿ "ಐ" ಎಂದರೆ ಹೊಂದಿಕೆ, "ಕಿ" ಎಂದರೆ ಪ್ರಾಣಶಕ್ತಿ, "ಡೋ" ಎಂದರೆ ಮಾರ್ಗ. ಎದುರಾಳಿಯ ಬಲಕ್ಕೆ ಬಲವನ್ನು ಎದುರಿಡದೆ, ಅವನ ಬಲದ ಜೊತೆಗೇ ಹೊಂದಿಕೊಂಡು ಅದನ್ನು ಬೇರೆ ದಿಕ್ಕಿಗೆ ತಿರುಗಿಸುವುದು ಐಕಿಡೋ. ಇನ್ನು "ದೋಜೋ" ಎಂದರೆ ಮಾರ್ಗವನ್ನು ಅಭ್ಯಾಸ ಮಾಡುವ ಸ್ಥಳ. ಇದಕ್ಕೆ ಕನ್ನಡದಲ್ಲಿ ಯಾವ ಪದ ಬಳಸಬೇಕೆಂದು ಯೋಚಿಸಿದಾಗ ನನಗೆ ಹೊಳೆದದ್ದು "ತಾಲೀಮು ಮನೆ".

ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನಾದ್ದರಿಂದ ಈ ಪದದ ಬಗ್ಗೆ ಎರಡು ಮಾತು ಹೇಳಲೇಬೇಕು. ಉರ್ದುವಿನಲ್ಲಿ "ತಅಲೀಮ್" ಎಂದರೆ ಶಿಕ್ಷಣ, ವಿದ್ಯೆ. ಅದೇ ಪದ ಕನ್ನಡಕ್ಕೆ ಬಂದು "ತಾಲೀಮು" ಆದಾಗ ಅದರ ಅರ್ಥ ಅಭ್ಯಾಸ, ಮೈ ಬಗ್ಗಿಸಿ ಮಾಡುವ ಸಾಧನೆ. ಪೈಲ್ವಾನರು ತಾಲೀಮು ಮಾಡುತ್ತಾರೆ, ನಾಟಕದವರು ತಾಲೀಮು ನಡೆಸುತ್ತಾರೆ. ಹಾಗೆಯೇ ಗರಡಿಮನೆಯಲ್ಲಿ ಕುಸ್ತಿ ಕಲಿಸುವ ಗುರುವನ್ನು ಮೈಸೂರಿನ ಕಡೆ "ಉಸ್ತಾದ್" ಎನ್ನುತ್ತಾರೆ, ಉತ್ತರ ಕರ್ನಾಟಕದಲ್ಲಿ "ವಸ್ತಾದ" ಎನ್ನುತ್ತಾರೆ. ಶಾಲೆಯ ಪದಗಳು ನಮ್ಮ ನಾಡಿನಲ್ಲಿ ಗರಡಿಯ ಕೆಂಪು ಮಣ್ಣಿಗೂ ಇಳಿದಿವೆ. ಕನ್ನಡಿಗರು ಈ ಪದಕ್ಕೆ ಕೊಟ್ಟ ಅರ್ಥದಲ್ಲಿ ಒಂದು ದೊಡ್ಡ ಸತ್ಯವಿದೆ ಎಂದು ನನ್ನ ಭಾವನೆ. ಮಾಡಿ ಮಾಡಿ ಮೈಗೂಡದ ವಿದ್ಯೆ ವಿದ್ಯೆಯೇ ಅಲ್ಲ. ಇವಾಮಾದ ಕಥೆಯೂ ಇದನ್ನೇ ಹೇಳುತ್ತದೆ.

ಐಕಿಡೋ ಕಲೆಯ ಸ್ಥಾಪಕರು ಮೋರಿಹೇಯ್ ಉಯೆಶಿಬಾ. 1883ರಲ್ಲಿ ಜಪಾನಿನ ತನಾಬೆ ಎಂಬ ಊರಿನಲ್ಲಿ ಜನಿಸಿದರು. ಎತ್ತರ ಐದು ಅಡಿಗಿಂತ ಸ್ವಲ್ಪವೇ ಹೆಚ್ಚು. ಉತ್ತರದ ಹೊಕ್ಕೈದೋ ದ್ವೀಪಕ್ಕೆ ವಲಸೆ ಹೋಗಿದ್ದಾಗ, 1915ರಲ್ಲಿ ಸೊಕಾಕು ತಕೇದಾ ಎಂಬ ಕಠಿಣ ಗುರುವಿನ ಬಳಿ ದೈತೋ-ರ್‍ಯು ಎಂಬ ಹಳೆಯ ಜುಜುತ್ಸು ವಿದ್ಯೆಯನ್ನು ಕಲಿತರು. 1931ರಲ್ಲಿ ಟೋಕಿಯೋ ನಗರದಲ್ಲಿ ಕೊಬುಕಾನ್ ಎಂಬ ದೋಜೋ ಕಟ್ಟಿದರು. ಅಲ್ಲಿನ ಅಭ್ಯಾಸ ಎಷ್ಟು ಕಠಿಣವಾಗಿತ್ತೆಂದರೆ ಜನ ಅದನ್ನು "ನರಕದ ದೋಜೋ" ಎಂದು ಕರೆಯುತ್ತಿದ್ದರು. ಸೈನ್ಯದ ಅಧಿಕಾರಿಗಳು, ಶ್ರೀಮಂತರು, ಹೆಸರಾಂತರೆಲ್ಲ ಅಲ್ಲಿಗೆ ಬರುತ್ತಿದ್ದರು.

ಹೆಣ್ಣುಮಕ್ಕಳು ಕುಳಿತಿರುವುದರಿಂದ ಇಲ್ಲಿ ಒಂದು ಹೆಸರನ್ನು ಹೇಳಿ ಮುಂದೆ ಹೋಗುತ್ತೇನೆ. 1930ರ ದಶಕದ ಆ ನರಕದ ದೋಜೋದಲ್ಲಿ ತಕಾಕೋ ಕುನಿಗೋಶಿ ಎಂಬ ಯುವತಿಯೂ ಕಲಿಯುತ್ತಿದ್ದರು. ಅವರು ಚಿತ್ರಕಲೆ ಕಲಿತವರು. ಉಯೆಶಿಬಾ ಅವರ ಪಟ್ಟುಗಳನ್ನು ತೋರಿಸುವ "ಬುದೋ ರೆನ್‌ಶು" ಎಂಬ ಪುಸ್ತಕಕ್ಕೆ ಚಿತ್ರಗಳನ್ನು ಬರೆದವರು ಇವರೇ. ಗಂಡಸರು ಪಟ್ಟು ಹಾಕುತ್ತಿದ್ದ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಪಟ್ಟನ್ನೂ ಕಲಿತಳು, ಅದನ್ನು ಮುಂದಿನವರಿಗೆ ಉಳಿಸಿಯೂ ಕೊಟ್ಟಳು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ, 1942ರಲ್ಲಿ ಉಯೆಶಿಬಾ ಟೋಕಿಯೋದ ದೋಜೋವನ್ನು ಕಾಲೇಜಿನಲ್ಲಿ ಓದುತ್ತಿದ್ದ ಮಗ ಕಿಶ್ಶೋಮಾರು ಅವರ ಕೈಗೆ ಒಪ್ಪಿಸಿದರು. ತಾವು ಹೆಂಡತಿಯೊಡನೆ ಇಬರಾಕಿ ಪ್ರಾಂತ್ಯದ ಇವಾಮಾ ಎಂಬ ಹಳ್ಳಿಗೆ ಹೊರಟುಬಿಟ್ಟರು. ಟೋಕಿಯೋದಿಂದ ಈಶಾನ್ಯಕ್ಕೆ ನೂರು ಕಿಲೋಮೀಟರಿನಷ್ಟು ದೂರ. ಅಲ್ಲಿ ಮೊದಲೇ ಕೊಂಡಿದ್ದ ಜಮೀನಿನಲ್ಲಿ ಬೇಸಾಯ ಮಾಡುತ್ತ, ತಮ್ಮ ನಂಬಿಕೆಯಂತೆ ಒಂದು ಶಿಂತೋ ಪೂಜಾಸ್ಥಳವನ್ನೂ ಅದರ ಬಳಿ ಒಂದು ಸಣ್ಣ ದೋಜೋವನ್ನೂ ಕಟ್ಟಿಕೊಂಡರು. ಆ ವರ್ಷಗಳಲ್ಲೇ ಅವರ ಕಲೆಗೆ ಐಕಿಡೋ ಎಂಬ ಹೆಸರು ನಿಂತಿತು. 1945ರಲ್ಲಿ ಜಪಾನ್ ಸೋತಿತು. ಗೆದ್ದ ಸೈನ್ಯದ ಆಡಳಿತ ಸಮರ ಕಲೆಗಳ ಮೇಲೆ ನಿರ್ಬಂಧ ಹೇರಿತು. ಜನರಿಗೆ ಹೊಟ್ಟೆಗೆ ಹಿಟ್ಟಿರಲಿಲ್ಲ, ಇನ್ನು ಪಟ್ಟು ಕಲಿಯುವವರು ಯಾರು? ಅಂತಹ ಹೊತ್ತಿನಲ್ಲಿ ಆ ಹಳ್ಳಿಯ ಮೂಲೆಯಲ್ಲಿ ಒಬ್ಬ ಮುದುಕ ಸದ್ದಿಲ್ಲದೆ ಅಭ್ಯಾಸ ಮುಂದುವರಿಸಿದ್ದರು.

1946ರಲ್ಲಿ ಆ ಮುದುಕನ ಬಳಿಗೆ ಅದೇ ಸೀಮೆಯ ಹದಿನೆಂಟು ವರ್ಷದ ಹುಡುಗನೊಬ್ಬ ಬಂದ. ಹೆಸರು ಮೋರಿಹಿರೋ ಸೈತೋ. ಕೆಂಡೋ, ಜೂಡೋ, ಕರಾಟೆ ಸ್ವಲ್ಪ ಸ್ವಲ್ಪ ಕಲಿತಿದ್ದ. ರೈಲ್ವೆ ಇಲಾಖೆಯಲ್ಲಿ ನೌಕರಿ. ಒಂದು ದಿನ ಪೂರ್ತಿ ಇಪ್ಪತ್ನಾಲ್ಕು ಗಂಟೆ ಕೆಲಸ, ಮರುದಿನ ಪೂರ್ತಿ ಬಿಡುವು. ಬಿಡುವಿನ ದಿನ ಬೇರೆಯವರು ನಿದ್ದೆ ಮಾಡುತ್ತಿದ್ದರು. ಈತ ಗುರುವಿನ ಹೊಲಕ್ಕೆ ಹೋಗುತ್ತಿದ್ದ. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಹೊಲದ ಕೆಲಸ, ನಡುವೆ ಮರದ ಕತ್ತಿ ಮತ್ತು ದೊಣ್ಣೆಯ ಅಭ್ಯಾಸ, ಸಂಜೆ ದೋಜೋದಲ್ಲಿ ಪಟ್ಟು. ಗುರುವಿಗೆ ಮನಸ್ಸು ಬಂದಾಗ ಪಾಠ. ವೇಳಾಪಟ್ಟಿ ಎಂಬುದಿಲ್ಲ. ಈಗ ಕಲಿಸು ಎನ್ನುವ ಹಾಗಿಲ್ಲ, ಈಗ ಬೇಡ ಎನ್ನುವ ಹಾಗೂ ಇಲ್ಲ. ಜೊತೆಗೆ ಕಲಿಯಲು ಬಂದ ಬೇರೆ ಹುಡುಗರು ಮದುವೆ, ಮನೆ, ನೌಕರಿ ಎಂದು ಒಬ್ಬೊಬ್ಬರಾಗಿ ಕಡಿಮೆಯಾದರು. ಸೈತೋ ಉಳಿದ. ಗುರು ಅವನಿಗೆ ತಮ್ಮ ಜಮೀನಿನಲ್ಲೇ ಮನೆ ಕಟ್ಟಿಕೊಳ್ಳಲು ಜಾಗ ಕೊಟ್ಟರು. ಮದುವೆಯಾದ ಮೇಲೆ ಗಂಡ ಹೆಂಡತಿ ಇಬ್ಬರೂ ವಯಸ್ಸಾದ ಗುರುದಂಪತಿಗಳನ್ನು ನೋಡಿಕೊಂಡರು. ಹೀಗೆ ಒಂದಲ್ಲ, ಎರಡಲ್ಲ, ಇಪ್ಪತ್ತಮೂರು ವರ್ಷ. 1969ರ ಏಪ್ರಿಲ್ 26ರಂದು ಉಯೆಶಿಬಾ ತೀರಿಕೊಂಡರು. ಎರಡು ತಿಂಗಳಲ್ಲಿ ಅವರ ಪತ್ನಿಯೂ ಹೋದರು. ಆ ದೋಜೋವನ್ನೂ ಪೂಜಾಸ್ಥಳವನ್ನೂ ನೋಡಿಕೊಳ್ಳುವ ಹೊಣೆ ಸೈತೋ ಅವರಿಗೆ ಬಂತು. 2002ರಲ್ಲಿ ತಾವು ತೀರಿಕೊಳ್ಳುವವರೆಗೂ ಅವರು ಅದನ್ನು ನಡೆಸಿದರು.

ಈ ಮನುಷ್ಯ ಸಂಬಳಕ್ಕಾಗಿ ನೇಮಕಗೊಂಡ ಶಿಕ್ಷಕನಲ್ಲ ಎಂಬುದನ್ನು ಸಂಘದ ಸದಸ್ಯರು ದಯವಿಟ್ಟು ಗಮನಿಸಬೇಕು. ರೈಲ್ವೆಯಲ್ಲಿ ದುಡಿದು ಹೊಟ್ಟೆ ಹೊರೆದುಕೊಂಡು, ಉಳಿದ ಸಮಯವನ್ನು ಒಂದು ವಿದ್ಯೆಗೆ ಕೊಟ್ಟವರು. ಟೋಕಿಯೋದಲ್ಲಿ ಗುರುಗಳ ಮಗ ಕಿಶ್ಶೋಮಾರು ಅವರ ಕಥೆಯೂ ಇದೇ. ಯುದ್ಧದ ನಂತರ ಅವರ ದೋಜೋದಲ್ಲಿ ಮನೆ ಕಳೆದುಕೊಂಡ ನಿರಾಶ್ರಿತ ಕುಟುಂಬಗಳು ತುಂಬಿದ್ದವು. ಅವರು ಹಗಲು ಒಂದು ಷೇರು ವ್ಯಾಪಾರದ ಕಂಪನಿಯಲ್ಲಿ ನೌಕರಿ ಮಾಡಿ, ಬೆಳಿಗ್ಗೆ ಸಂಜೆ ಉಳಿದ ಜಾಗದಲ್ಲಿ ಪಾಠ ಹೇಳಿದರು. ಇಂದು ಐಕಿಡೋ ಲೋಕದ ನಾನಾ ದೇಶಗಳಲ್ಲಿದೆ. ಅದರ ಬೇರನ್ನು ಕಾಯ್ದವರು ಒಬ್ಬ ಗುಮಾಸ್ತ ಮತ್ತು ಒಬ್ಬ ರೈಲ್ವೆ ನೌಕರ.

ಈಗ ಶಿಕ್ಷಕ ಮಿತ್ರರಿಗೆ ಇಷ್ಟವಾಗಬಹುದಾದ ಭಾಗಕ್ಕೆ ಬರುತ್ತೇನೆ. ಸ್ಥಾಪಕರು ದೊಡ್ಡ ಪ್ರತಿಭೆ, ಆದರೆ ಬಿ.ಎಡ್. ಪರೀಕ್ಷೆಯಲ್ಲಿ ಪಾಠ ಯೋಜನೆ ಬರೆಯಿರಿ ಎಂದರೆ ಬರೆಯುವವರಲ್ಲ! ಒಂದು ಪಟ್ಟು ತೋರಿಸುವರು, ಮುಂದಕ್ಕೆ ಹೋಗುವರು. ಅನೇಕ ಪಟ್ಟುಗಳಿಗೆ ಹೆಸರಿಲ್ಲ, ಕ್ರಮಸಂಖ್ಯೆ ಇಲ್ಲ. ಸೈತೋ ಇವುಗಳನ್ನೆಲ್ಲ ನೆನಪಿಟ್ಟು ಕ್ರಮಪಡಿಸಿದರು. ಒಬ್ಬನೇ ನಿಂತು ಮರದ ಕತ್ತಿ ಬೀಸುವ ಅಭ್ಯಾಸ ಏಳು. ದೊಣ್ಣೆಯ ಅಭ್ಯಾಸ ಇಪ್ಪತ್ತು. ಮೂವತ್ತೊಂದು ಹೆಜ್ಜೆಗಳ ಒಂದು ಸರಣಿ, ಹದಿಮೂರು ಹೆಜ್ಜೆಗಳ ಇನ್ನೊಂದು. ಇಬ್ಬರು ಎದುರುಬದುರು ನಿಂತು ಮಾಡುವ ಕತ್ತಿಯ ವರಸೆ ಐದು, ದೊಣ್ಣೆಯ ವರಸೆ ಹತ್ತು. ಸುಲಭದಿಂದ ಕಷ್ಟಕ್ಕೆ, ಬಿಡಿಯಿಂದ ಇಡಿಗೆ. ನಾವು ತರಬೇತಿ ಕಾಲೇಜಿನಲ್ಲಿ ಓದುವ ಬೋಧನಾ ಸೂತ್ರಗಳನ್ನು ಅವರು ಮರದ ಕತ್ತಿ ಹಿಡಿದು ಕಂಡುಕೊಂಡರು. 1973ರಿಂದ ಐದು ಸಂಪುಟಗಳಲ್ಲಿ ಅವನ್ನು ಚಿತ್ರಸಹಿತ ಅಚ್ಚು ಹಾಕಿಸಿದರು. ಹಾಗಾಗಿ ಹೊರದೇಶದ ಹಳ್ಳಿಯೊಂದರಲ್ಲಿರುವ ಹುಡುಗನೂ "ಮೂರನೆಯದು ಮಾಡು" ಎಂದರೆ ಮೂರನೆಯದನ್ನೇ ಮಾಡುತ್ತಾನೆ.

ಕೆಲವರಿಗೆ ಅನುಮಾನವಿತ್ತು. ಇದು ನಿಜವಾಗಿ ಸ್ಥಾಪಕರು ಕಲಿಸಿದ್ದೋ, ಸೈತೋ ಸ್ವಂತವಾಗಿ ಸೇರಿಸಿದ್ದೋ? ನಮ್ಮಲ್ಲಿ ಹದೀಸ್ ವಿದ್ಯೆಯಲ್ಲಿ ಸನದು ಕೇಳುತ್ತೇವಲ್ಲ, ಯಾರಿಂದ ಯಾರಿಗೆ ಬಂತು ಎಂದು, ಹಾಗೆ. 1981ರಲ್ಲಿ ಸ್ಟ್ಯಾನ್ಲಿ ಪ್ರಾನಿನ್ ಎಂಬ ಅಮೆರಿಕದ ಪತ್ರಕರ್ತರಿಗೆ 1938ರಲ್ಲಿ ಅಚ್ಚಾದ ಉಯೆಶಿಬಾ ಅವರ "ಬುದೋ" ಎಂಬ ಹಳೆಯ ಪುಸ್ತಕದ ಪ್ರತಿ ಸಿಕ್ಕಿತು. ಅದರಲ್ಲಿ ಸ್ಥಾಪಕರೇ ನಿಂತು ತೆಗೆಸಿಕೊಂಡ ಫೋಟೋಗಳಿದ್ದವು. ಸೈತೋ ಆ ಪುಸ್ತಕವನ್ನು ಅದುವರೆಗೆ ನೋಡಿರಲಿಲ್ಲ. ಪ್ರಾನಿನ್ ಅದನ್ನು ತಂದು ತೋರಿಸಿದಾಗ, ತಾವು ಕಲಿಸುತ್ತಿದ್ದ ಮೂಲ ಪಟ್ಟುಗಳೇ ಅದರಲ್ಲಿರುವುದನ್ನು ಕಂಡು ಬಹಳ ಸಂತೋಷಪಟ್ಟರು. ಆಮೇಲೆ ಶಿಬಿರಗಳಿಗೆ ಹೋಗುವಾಗ ಆ ಪುಸ್ತಕವನ್ನು ಜೊತೆಗೆ ಒಯ್ಯುತ್ತಿದ್ದರು. ಪಟ್ಟು ತೋರಿಸಿ, ಪುಟ ತೆರೆದು, ನೋಡಿ, ಇದು ನನ್ನದಲ್ಲ, ಗುರುಗಳದು ಎಂದು ತೋರಿಸುವರು. ಇಷ್ಟು ಹೆಸರು ಗಳಿಸಿದ ಮೇಲೂ "ಇದು ನನ್ನದಲ್ಲ" ಎನ್ನುವುದು ಸಣ್ಣ ಮಾತಲ್ಲ.

ಇನ್ನು ಆ ದೋಜೋದ ಪದ್ಧತಿಗಳು. ಚಪ್ಪಲಿ ಹೊರಗೆ ಬಿಟ್ಟು, ಅವನ್ನು ನೆಟ್ಟಗೆ ಜೋಡಿಸಿ ಒಳಗೆ ಬರಬೇಕು. ಅಲ್ಲೇ ಇದ್ದು ಕಲಿಯುವ ಶಿಷ್ಯರಿಗೆ "ಉಚಿದೇಶಿ" ಎಂದು ಹೆಸರು. ಸೈತೋ ಅವರ ಕಾಲದಲ್ಲಿ ಯುರೋಪು, ಅಮೆರಿಕಗಳಿಂದ ಬಂದವರೂ ಬೆಳಿಗ್ಗೆ ಎದ್ದು ಅಂಗಳ ಗುಡಿಸಬೇಕು, ನೆಲ ಒರೆಸಬೇಕು, ತಮ್ಮ ಅಡುಗೆ ತಾವೇ ಮಾಡಿಕೊಳ್ಳಬೇಕು. ಊರಿನಲ್ಲಿ ಡಾಕ್ಟರೋ ಇಂಜಿನಿಯರೋ ಆಗಿರಬಹುದು, ಅಲ್ಲಿ ಪೊರಕೆ ಹಿಡಿಯಲೇಬೇಕು. ನಮ್ಮ ಗರಡಿಯಲ್ಲೂ ಹೀಗೆಯೇ. ಅಖಾಡದ ಮಣ್ಣನ್ನು ಅಗೆದು ಹದ ಮಾಡುವುದು ಪೈಲ್ವಾನರದೇ ಕೆಲಸ, ಕೂಲಿಯವರದಲ್ಲ.

ಪಾಠಕ್ಕೆ ಎಲ್ಲರೂ ಸಾಲಾಗಿ ಕೂರುತ್ತಾರೆ. ನಮಾಜಿನ ಕಅದಾದಲ್ಲಿ ಕೂರುವ ಹಾಗೆ ಮೊಣಕಾಲು ಮಡಿಚಿ ಕೂರುವುದು. ಗುರುಗಳಿಗೆ ಬಾಗಿ, "ದಯವಿಟ್ಟು ಕಲಿಸಿ" ಎಂಬ ಅರ್ಥದ ಮಾತು ಹೇಳುತ್ತಾರೆ. ಮುಗಿದ ಮೇಲೆ ಕೃತಜ್ಞತೆಯ ಮಾತು. ಇವಾಮಾ ಪದ್ಧತಿಯಲ್ಲಿ ಪ್ರತಿ ಸಂಜೆಯ ಪಾಠವೂ ಎರಡು ಅಭ್ಯಾಸಗಳಿಂದ ಶುರುವಾಗಿ ಒಂದೇ ಅಭ್ಯಾಸದಿಂದ ಮುಗಿಯುತ್ತದೆ. ಮೊದಲನೆಯದು, ಒಬ್ಬ ಮಣಿಕಟ್ಟು ಹಿಡಿದಾಗ ಅವನ ಪಕ್ಕಕ್ಕೆ ತಿರುಗಿ ನಿಲ್ಲುವುದು. ಎರಡನೆಯದು, ಎರಡೂ ಕೈಯಿಂದ ಒಂದು ಕೈ ಹಿಡಿದವನನ್ನು ಉಸಿರಿನ ಬಲದಿಂದ ಬೀಳಿಸುವುದು. ಕೊನೆಯದು, ಇಬ್ಬರೂ ಎದುರುಬದುರು ಕುಳಿತೇ ಮಾಡುವುದು. ಮೊದಲ ದಿನ ಬಂದವನಿಗೂ ಇದೇ, ಮೂವತ್ತು ವರ್ಷ ಮಾಡಿದವನಿಗೂ ಇದೇ. ಹಿಡಿಯುವವನು ಸುಮ್ಮನೆ ಮುಟ್ಟಿದಂತೆ ಹಿಡಿಯಬಾರದು, ಗಟ್ಟಿಯಾಗಿ ಹಿಡಿಯಬೇಕು. ಸಡಿಲವಾಗಿ ಹಿಡಿದು ಜೊತೆಗಾರನಿಗೆ "ನಿನಗೆ ಬರುತ್ತದೆ" ಎಂಬ ಭ್ರಮೆ ಹುಟ್ಟಿಸುವುದು ಸ್ನೇಹವಲ್ಲ. ನಾವು ಶಿಕ್ಷಕರು ಉತ್ತರವನ್ನು ಕರಿಹಲಗೆಯ ಮೇಲೆ ಬರೆದು ನಕಲು ಮಾಡಿಸಿ "ಎಲ್ಲರಿಗೂ ಬಂತು" ಎನ್ನುವುದೂ ಸಡಿಲ ಹಿಡಿತವೇ ಅಲ್ಲವೇ?

ಐಕಿಡೋದ ಮುಖ್ಯ ಪರಂಪರೆಯಲ್ಲಿ ಸ್ಪರ್ಧೆ ಇಲ್ಲ. ಪಂದ್ಯವಿಲ್ಲ, ಪದಕವಿಲ್ಲ. ಇಬ್ಬರು ಜೊತೆಯಾಗುತ್ತಾರೆ. ಒಬ್ಬ ನಾಲ್ಕು ಸಲ ಪಟ್ಟು ಹಾಕುತ್ತಾನೆ, ಇನ್ನೊಬ್ಬ ನಾಲ್ಕು ಸಲ ಬೀಳುತ್ತಾನೆ. ಆಮೇಲೆ ಅದಲುಬದಲು. ಹಾಕಿದವನು ಬೀಳಬೇಕು, ಬಿದ್ದವನು ಹಾಕಬೇಕು. ಅಲ್ಲಿ ಮೊದಲು ಕಲಿಸುವುದೇ ಬೀಳುವುದನ್ನು. ಬೀಳುವ ವಿದ್ಯೆಗೆ "ಉಕೆಮಿ" ಎಂದು ಹೆಸರು. ಮೈಯನ್ನು ಉಂಡೆ ಮಾಡಿ, ತಲೆ ಕಾಪಾಡಿಕೊಂಡು, ಉರುಳಿ ಎದ್ದು ನಿಲ್ಲುವುದು. ಬೀಳಲು ಬಾರದವನಿಗೆ ಪಟ್ಟು ಕಲಿಸಲು ಆಗುವುದಿಲ್ಲ, ಏಕೆಂದರೆ ಅವನು ಹೆದರಿ ಮೈ ಬಿಗಿ ಹಿಡಿಯುತ್ತಾನೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ನನ್ನದೇ ತರಗತಿ. ಮನೆಯಲ್ಲಿ ಉರ್ದು ಮಾತನಾಡುವ ನಮ್ಮ ಮಕ್ಕಳು ಕನ್ನಡದಲ್ಲಿ ಮಾತನಾಡುವಾಗ "ನಮ್ಮ ಅಬ್ಬಾ ಬಂತು", "ಟೀಚರ್ ಹೇಳ್ತು" ಎನ್ನುತ್ತಾರೆ. ಉರ್ದುವಿನಲ್ಲಿ ನಪುಂಸಕ ಲಿಂಗವಿಲ್ಲ, ಕನ್ನಡದಲ್ಲಿದೆ. ಮಗುವಿಗೆ ಆ ವ್ಯತ್ಯಾಸ ಹಿಡಿಯಲು ಕಾಲ ಬೇಕು. ಆದರೆ ಕೇಳಿದವರು ನಗುತ್ತಾರೆ. ಒಮ್ಮೆ ನಗೆಗೆ ಗುರಿಯಾದ ಮಗು ಮತ್ತೆ ಬಾಯಿ ತೆರೆಯುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಪತ್ರಿಕೆ ಹೇಗೋ ಪಾಸಾಗುತ್ತದೆ, ಆದರೆ ಬ್ಯಾಂಕಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಕೆಲಸದ ಸಂದರ್ಶನದಲ್ಲಿ ಮೈ ಬಿಗಿ ಹಿಡಿದು ನಿಲ್ಲುತ್ತದೆ. ಆ ಮಗುವಿಗೆ ವ್ಯಾಕರಣ ಗೊತ್ತಿಲ್ಲದೆ ಹೀಗಾಗಿಲ್ಲ, ಬೀಳುವುದನ್ನು ಯಾರೂ ಕಲಿಸಿಲ್ಲ. ತಪ್ಪು ಮಾತನಾಡಿ, ತಿದ್ದಿಸಿಕೊಂಡು, ನಗುತ್ತ ಮುಂದಿನ ವಾಕ್ಯಕ್ಕೆ ಹೋಗುವ ತಾಲೀಮು ಅದಕ್ಕೆ ಸಿಕ್ಕಿಲ್ಲ. ನಮ್ಮ ಸಂಜೆ ತರಗತಿಗಳಲ್ಲಿ ವಾರಕ್ಕೊಂದು ಗಂಟೆ ಪುಸ್ತಕ ಮುಚ್ಚಿ, ಮಕ್ಕಳು ಇಬ್ಬಿಬ್ಬರಾಗಿ ಕುಳಿತು ಕನ್ನಡದಲ್ಲಿ ಮಾತನಾಡಲಿ. ನಾಲ್ಕು ಸಲ ಇವನು ಕೇಳಲಿ ಅವನು ಉತ್ತರಿಸಲಿ, ನಾಲ್ಕು ಸಲ ಅವನು ಕೇಳಲಿ ಇವನು ಉತ್ತರಿಸಲಿ. ನಗುವವರು ಮಾತ್ರ ಇರಬಾರದು. ಇದಕ್ಕೆ ಹಣ ಬೇಕಿಲ್ಲ.

ಈಗ ಬಾಗುವ ಪ್ರಶ್ನೆ. ಇವಾಮಾದ ದೋಜೋ ಶಿಂತೋ ನಂಬಿಕೆಯವರ ಪೂಜಾಸ್ಥಳದ ಪಕ್ಕದಲ್ಲೇ ಇದೆ. ವರ್ಷಕ್ಕೊಮ್ಮೆ ಏಪ್ರಿಲ್ 29ರಂದು ಅಲ್ಲಿ ಉತ್ಸವವೂ ನಡೆಯುತ್ತದೆ. ಆದ್ದರಿಂದ ಅಲ್ಲಿನ ಎಲ್ಲವೂ ಬರೀ ವ್ಯಾಯಾಮ ಎಂದು ನಾನು ಹೇಳುವುದಿಲ್ಲ. ಆದರೆ ದೋಜೋದಲ್ಲಿ ಜೊತೆಗಾರನಿಗೆ ಬಾಗುವುದು ಜಪಾನಿಯರ ಸಲಾಮು. ಅಂಗಡಿಯಲ್ಲೂ ರಸ್ತೆಯಲ್ಲೂ ಅವರು ಹಾಗೆಯೇ ಬಾಗುತ್ತಾರೆ. ಗೋಡೆಯ ಕಡೆಗೆ, ಚಿತ್ರದ ಕಡೆಗೆ ನೆಲ ಮುಟ್ಟಿ ಬಾಗುವ ವಿಷಯ ಬಂದಾಗ ಮಾತ್ರ ನಮ್ಮ ಮಕ್ಕಳಿಗೆ ಸಂಕೋಚವಾಗುವುದು ಸಹಜ. ಇದು ನಮಗೆ ಮಾತ್ರ ಬಂದ ಪ್ರಶ್ನೆಯೂ ಅಲ್ಲ. ಜೂಡೋ ಪಂದ್ಯಗಳಲ್ಲಿ ಬಾಗುವುದನ್ನು ಕಡ್ಡಾಯ ಮಾಡಿದ್ದನ್ನು ಪ್ರಶ್ನಿಸಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕೆಲವರು ಫೆಡರಲ್ ನ್ಯಾಯಾಲಯಕ್ಕೆ ಹೋಗಿದ್ದರು. ಅದು ಧಾರ್ಮಿಕ ತಾರತಮ್ಯವಾಗುವುದಿಲ್ಲ ಎಂದು 2002ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಕಾನೂನಿನ ಉತ್ತರ ಅದು. ದೀನಿನ ಉತ್ತರವನ್ನು ಉಲೇಮಾಗಳಿಂದಲೇ ಕೇಳಿ ತಿಳಿಯಬೇಕು, ಅದು ನನ್ನ ಅಧಿಕಾರವಲ್ಲ. ಶಿಕ್ಷಕನಾಗಿ ನಾನು ಹೇಳಬಹುದಾದದ್ದು ಇಷ್ಟೇ. ಇಂಡೋನೇಷ್ಯಾ, ಮಲೇಷ್ಯಾ, ಟರ್ಕಿ, ಮೊರಾಕ್ಕೊ ದೇಶಗಳಲ್ಲೂ ಐಕಿಡೋ ಕಲಿಯುವವರಿದ್ದಾರೆ. ಮೊದಲ ದಿನವೇ ಕಲಿಸುವವರ ಬಳಿ ಹೋಗಿ, "ಸರ್, ತಮ್ಮ ಮೇಲೆ ಗೌರವವಿದೆ, ನನ್ನ ನಂಬಿಕೆಯ ಪ್ರಕಾರ ಇಷ್ಟು ಮಾಡಬಲ್ಲೆ, ಇಷ್ಟು ಮಾಡಲಾರೆ" ಎಂದು ನೇರವಾಗಿ, ವಿನಯದಿಂದ ಹೇಳಬೇಕು. ಹೇಳದೆ ಮಗುವನ್ನು ಶಾಲೆ ಬಿಡಿಸುವುದು, ತರಬೇತಿ ಬಿಡಿಸುವುದು ಪರಿಹಾರವಲ್ಲ. ಹೊಂದಿಕೆಯ ಮಾರ್ಗ ಎಂದು ಹೆಸರಿಟ್ಟುಕೊಂಡ ಕಲೆಯ ಗುರು ಅಷ್ಟು ಮಾತನ್ನು ಕೇಳಿಸಿಕೊಳ್ಳಬೇಕು.

ಇವಾಮಾದ ಕಥೆಯಲ್ಲಿ ಸಿಹಿ ಮಾತ್ರ ಇಲ್ಲ. ಸ್ಥಾಪಕರ ಹಿರಿಯ ಶಿಷ್ಯರಲ್ಲಿ ಗೊಜೋ ಶಿಯೋದಾ 1955ರಲ್ಲೇ ಯೋಶಿನ್‌ಕಾನ್ ಎಂಬ ಬೇರೆ ಶಾಖೆ ಆರಂಭಿಸಿದ್ದರು. ಟೋಕಿಯೋದ ಮುಖ್ಯ ಶಿಕ್ಷಕರಾಗಿದ್ದ ಕೋಯಿಚಿ ತೊಹೇಯ್ 1974ರಲ್ಲಿ ಹೊರನಡೆದು ತಮ್ಮದೇ ಪಂಥ ಕಟ್ಟಿದರು. ಸೈತೋ ಮಾತ್ರ, ತಮ್ಮ ಪದ್ಧತಿ ಟೋಕಿಯೋ ಪದ್ಧತಿಗಿಂತ ಬೇರೆಯಾಗಿದ್ದರೂ, ಕೊನೆಯವರೆಗೂ ಮೂಲ ಸಂಸ್ಥೆಯನ್ನು ಬಿಡಲಿಲ್ಲ. ಆದರೆ ಅವರು ತೀರಿಕೊಂಡು ಎರಡು ವರ್ಷಕ್ಕೆ, 2004ರಲ್ಲಿ, ಅವರ ಮಗ ಹಿತೋಹಿರೋ ಮೂಲ ಸಂಸ್ಥೆಯಿಂದ ಬೇರೆಯಾಗಿ ಸ್ವತಂತ್ರ ಸಂಘ ಸ್ಥಾಪಿಸಿದರು. ಹಳೆಯ ದೋಜೋ ಮೂಲ ಸಂಸ್ಥೆಯ ಬಳಿಯೇ ಉಳಿಯಿತು. 1949ರಲ್ಲಿ ಹನ್ನೆರಡು ವರ್ಷದ ಹುಡುಗನಾಗಿ ಅಲ್ಲಿಗೆ ಸೇರಿದ್ದ ಹಿರೋಶಿ ಇಸೋಯಾಮಾ ಅದರ ಹೊಣೆ ಹೊತ್ತರು. ಒಂದೇ ಊರಿನಲ್ಲಿ ಎರಡು ದೋಜೋಗಳಾದವು. ಎರಡೂ ಕಡೆಯವರು ಒಬ್ಬರೇ ಗುರುವಿನ ಹೆಸರು ಹೇಳುವವರು. ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಕೊಡುವ ಕೆಲಸ ನಮಗೆ ಬೇಡ.

ಸಂಘ ಸಂಸ್ಥೆಗಳನ್ನು ನಡೆಸುವ ಹಿರಿಯರಿಗೆ ಇದು ಹೊಸದೂ ಅಲ್ಲ. ಒಬ್ಬ ಸಮರ್ಥರು ಕಣ್ಮರೆಯಾದ ಕೂಡಲೇ "ನಿಜವಾದ ವಾರಸುದಾರ ಯಾರು" ಎಂಬ ಪ್ರಶ್ನೆ ಬರುತ್ತದೆ. ನನಗೆ ಕಾಣುವ ಉತ್ತರ ಇವಾಮಾದಲ್ಲೇ ಇದೆ. 1946ರಲ್ಲಿ ಆ ದೋಜೋ ಉಳಿದದ್ದು ಟ್ರಸ್ಟ್ ಡೀಡಿನಿಂದಲ್ಲ, ಫಲಕದ ಮೇಲಿದ್ದ ಹೆಸರಿನಿಂದಲೂ ಅಲ್ಲ. ಎಲ್ಲರೂ ಹೋದ ಮೇಲೂ ಸಂಜೆ ಬಂದು ನೆಲ ಒರೆಸಿ ದೀಪ ಹಚ್ಚಿದ ಒಬ್ಬ ಹುಡುಗನಿಂದ ಉಳಿಯಿತು. ವಾರಸುದಾರಿಕೆ ಎಂದರೆ ಅದು. ಪದಾಧಿಕಾರ ಆಮೇಲಿನ ಮಾತು.

ನಮ್ಮ ಸಂಜೆ ತರಗತಿಗಳ ಸ್ಥಿತಿ ತಮಗೆ ಗೊತ್ತಿದೆ. ಜೂನಿನಲ್ಲಿ ಪಾಠ ಹೇಳಲು ಹೆಸರು ಕೊಡುವ ಯುವಕರು ದಸರಾ ರಜೆಯ ಹೊತ್ತಿಗೆ ಅರ್ಧವಾಗುತ್ತಾರೆ. ಅವರನ್ನು ದೂರುವ ಹಾಗಿಲ್ಲ. ನೌಕರಿಯಿದೆ, ಮನೆಯಿದೆ, ಬೆಂಗಳೂರಿಗೋ ಕೊಲ್ಲಿಗೋ ಹೋಗಬೇಕಾಗುತ್ತದೆ. ಆದರೆ ಹೋಗುವ ಮುನ್ನ ತಾನು ಕಲಿಸುತ್ತಿದ್ದುದನ್ನು ಇನ್ನೊಬ್ಬನಿಗೆ ಕ್ರಮವಾಗಿ ಒಪ್ಪಿಸಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಒಬ್ಬರು ಒಳ್ಳೆಯ ಗಣಿತದ ಮೇಷ್ಟ್ರು ಬಿಟ್ಟರೆ ಗಣಿತವೇ ನಿಂತುಹೋಗುತ್ತದೆ. ಆದ್ದರಿಂದ ಈ ಸಭೆಯ ಮುಂದೆ ನನ್ನ ಮೂರು ಸಣ್ಣ ವಿನಂತಿಗಳಿವೆ.

ಮೊದಲನೆಯದು ಹಿರಿಯ ಸದಸ್ಯರಿಗೆ. ತಮ್ಮಲ್ಲಿ ನಿವೃತ್ತ ಶಿಕ್ಷಕರಿದ್ದೀರಿ. ಹೇಗೆ ಕಲಿಸಿದರೆ ಮಗುವಿಗೆ ಭಿನ್ನರಾಶಿ ಅರ್ಥವಾಗುತ್ತದೆ, ಒತ್ತಕ್ಷರ ಹೇಗೆ ಬರೆಸಬೇಕು ಎಂಬ ತಮ್ಮ ಮೂವತ್ತು ವರ್ಷದ ಅನುಭವವನ್ನು ದಯವಿಟ್ಟು ಒಂದು, ಎರಡು, ಮೂರು ಎಂದು ಕ್ರಮವಾಗಿ ಬರೆಯಿಸಿ ಕೊಡಿ. ತಾವು ಕಲಿತದ್ದು ತಮ್ಮ ಜೊತೆಗೇ ಹೋಗಬಾರದು.

ಎರಡನೆಯದು ಕಲಿಸುವ ಯುವಕರಿಗೆ ಮತ್ತು ಯುವತಿಯರಿಗೆ. ಪ್ರತಿಯೊಬ್ಬರೂ ನಿಮ್ಮ ಪಕ್ಕದಲ್ಲಿ ಒಬ್ಬ ಪಿ.ಯು.ಸಿ. ವಿದ್ಯಾರ್ಥಿಯನ್ನು ಕೂರಿಸಿಕೊಳ್ಳಿ. ವಾರಕ್ಕೊಮ್ಮೆ ಅವನು ಪಾಠ ಹೇಳಲಿ, ನೀವು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿ. ದೋಜೋದಲ್ಲಿ ಪಟ್ಟು ಹಾಕುವವನು ಬೀಳಲೂ ಸಿದ್ಧನಿರಬೇಕು. ಕಲಿಸುವವನು ಕಲಿಯುವವನ ಜಾಗದಲ್ಲಿ ಆಗಾಗ ಕುಳಿತರೆ ಮಾತ್ರ ಅಲ್ಲಿಂದ ಕರಿಹಲಗೆ ಹೇಗೆ ಕಾಣುತ್ತದೆ ಎಂದು ತಿಳಿಯುತ್ತದೆ.

ಮೂರನೆಯದು ನಿಮಗೆ, ವಿದ್ಯಾರ್ಥಿಗಳಿಗೆ. ಪಕ್ಕದವನಿಗಿಂತ ಎಷ್ಟು ಅಂಕ ಹೆಚ್ಚು ಎಂದು ಎಣಿಸುವುದು ಪರೀಕ್ಷೆಯ ದಿನಕ್ಕೆ ಸಾಕು. ಉಳಿದ ದಿನ ಪಕ್ಕದವನು ನಿಮ್ಮ ತಾಲೀಮಿನ ಜೊತೆಗಾರ. ಅವನ ಕೈಯನ್ನು ಗಟ್ಟಿಯಾಗಿ ಹಿಡಿಯಿರಿ, ಅಂದರೆ ಪ್ರಾಮಾಣಿಕವಾಗಿ ಪ್ರಶ್ನೆ ಕೇಳಿ, ತಪ್ಪಿದಾಗ ತಪ್ಪು ಎನ್ನಿ. ಬಿದ್ದಾಗ ನಗಬೇಡಿ. ಮತ್ತು ಪಾಠ ಮುಗಿದ ಮೇಲೆ ಕೊಠಡಿಯ ಕಸ ಗುಡಿಸಿ, ಚಾಪೆ ಮಡಿಚಿಟ್ಟು ಹೋಗಿ. ಜವಾನನಿಲ್ಲದ ಕಾರಣಕ್ಕೆ ಈ ಮಾತು ಹೇಳುತ್ತಿಲ್ಲ. ಯಾವ ಮನೆಯ ಕಸವನ್ನು ನಾವೇ ಗುಡಿಸುತ್ತೇವೋ ಆ ಮನೆ ನಮ್ಮದಾಗುತ್ತದೆ.

ಉರ್ದುವಿನ ತಅಲೀಮ್ ಕನ್ನಡದಲ್ಲಿ ತಾಲೀಮು ಆಯಿತು. ನಮ್ಮ ಮಕ್ಕಳಿಗೆ ಎರಡೂ ಬೇಕು, ತಿಳಿವಳಿಕೆಯೂ ಬೇಕು, ದಿನದಿನದ ಅಭ್ಯಾಸವೂ ಬೇಕು. ಅದನ್ನು ಕೊಡಲು ನಮಗೆ ದೊಡ್ಡ ಕಟ್ಟಡ ಬೇಕಿಲ್ಲ. ಬರುವ ಸೋಮವಾರ ಸಂಜೆ ಆರೂವರೆಗೆ ತರಗತಿ ಶುರುವಾಗುತ್ತದೆ. ಕಲಿಸಲು ಮನಸ್ಸಿರುವವರು ಇಂದು ಊಟಕ್ಕೆ ಮುಂಚೆ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಬೇಕೆಂದು ಕೋರುತ್ತೇನೆ.